ತಂತಿ ಒಂದೇ, ಬಿಲ್ಲು ಬೇರೆ ಏಕೆ?

ದಕ್ಷಿಣ ಸೊಲ್ಲಾಪುರ ತಾಲೂಕಿನ ವಾಚಕರೊಬ್ಬರು ಈ ಪುಟಕ್ಕೆ ಒಂದು ಕಾಗದ ಬರೆದಿದ್ದಾರೆ. ಅವರ ಅಕ್ಕನನ್ನು ಕೊಟ್ಟದ್ದು ಭೀಮೆಯ ಆಚೆ, ಇಂಡಿ ತಾಲೂಕಿಗೆ. ಅಕ್ಕನ ಮನೆಯ ಕರೆಂಟಿನ ಬಿಲ್ಲು ತಿಂಗಳಿಗೆ ಸೊನ್ನೆ. ತಮ್ಮನ ಮನೆಯ ಬಿಲ್ಲು ಸಾವಿರದ ಮೇಲೆ. ಹೊಲದ ಪಂಪಿನ ಬಿಲ್ಲು ಮಾತ್ರ ಇಬ್ಬರಿಗೂ ಸೊನ್ನೆ. ಆದರೂ ಕಬ್ಬಿಗೆ ನೀರು ಬಿಡಲು ನಡುರಾತ್ರಿ ಎದ್ದು ಹೋಗುವುದು ತಪ್ಪಿಲ್ಲ, ವರ್ಷಕ್ಕೆರಡು ಸಲ ಡಿ.ಪಿ. ಸುಡುವುದೂ ತಪ್ಪಿಲ್ಲ. “ನಮ್ಮ ಹೊಲದಲ್ಲಿ ನಿಂತರೆ ವಿದ್ಯುತ್ ಕೇಂದ್ರದ ಹೊಗೆಕೊಳವೆ ಕಾಣುತ್ತದೆ. ದೀಪದ ಬುಡಕ್ಕೆ ಕತ್ತಲೆ ಎಂಬುದು ನಮ್ಮ ಪಾಲಿಗೇ ಬರಬೇಕೇ?” ಎಂದು ಅವರು ಕೇಳಿದ್ದಾರೆ.

ಇದು ಒಬ್ಬರ ಪ್ರಶ್ನೆಯಲ್ಲ. ಜತ್ತದವರು ವಿಜಯಪುರದ ಬೀಗರ ಮನೆಗೆ ಹೋಗಿ ಬಂದಾಗ, ಅಕ್ಕಲಕೋಟೆಯವರು ಆಳಂದದ ಜಾತ್ರೆಗೆ ಹೋಗಿ ಬಂದಾಗ ಇದೇ ಮಾತು ಬರುತ್ತದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಹೇಳಬೇಕಾಗಿದೆ.

ಮೊದಲು ಹೊಗೆಕೊಳವೆಯ ವಿಷಯ. ಸೊಲ್ಲಾಪುರದ ಎನ್.ಟಿ.ಪಿ.ಸಿ. ಕೇಂದ್ರದಲ್ಲಿ 660 ಮೆಗಾವಾಟಿನ ಎರಡು ಯಂತ್ರಗಳಿವೆ. ಒಂದು 2017ರಲ್ಲಿ, ಇನ್ನೊಂದು 2019ರಲ್ಲಿ ನಡೆಯತೊಡಗಿತು. ಅದಕ್ಕೆ ಬೇಕಾದ ನೀರು ನಮ್ಮ ಉಜನಿ ಜಲಾಶಯದ್ದು. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ತು ನೆರೆಯ ಹಳ್ಳಿಗೆ ನೇರವಾಗಿ ಇಳಿಯುವುದಿಲ್ಲ. ಅದು ದೊಡ್ಡ ಗೋಪುರಗಳ ತಂತಿಗೆ ಏರಿ ಇಡೀ ದೇಶದ ಜಾಲದಲ್ಲಿ ಬೆರೆಯುತ್ತದೆ. ಕಾಲುವೆಗೆ ಬಿಟ್ಟ ಹತ್ತು ಬಾವಿಗಳ ನೀರಿನಲ್ಲಿ ಯಾವ ಬೊಗಸೆ ಯಾರ ಬಾವಿಯದೆಂದು ಹೇಳಲಾಗದಷ್ಟೆ. ಇಷ್ಟು ಪಾಲು ಈ ರಾಜ್ಯಕ್ಕೆ ಎಂಬ ಹಂಚಿಕೆ ನಡೆಯುವುದು ಕಾಗದದ ಮೇಲೆ. ಅಲ್ಲಿಂದ ಅದು 220, 132, 33, 11 ಸಾವಿರ ವೋಲ್ಟುಗಳೆಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಡಿ.ಪಿ.ಯಲ್ಲಿ ನಾನೂರು ವೋಲ್ಟಿನ ಆಸುಪಾಸಿಗೆ ಬಂದು ನಮ್ಮ ಪಂಪನ್ನು ತಿರುಗಿಸುತ್ತದೆ. ನಮ್ಮ ಕತ್ತಲೆಗೆ ಕಾರಣ ಬಹುಮಟ್ಟಿಗೆ ಈ ಕೊನೆಯ ಎರಡು ಮೆಟ್ಟಿಲುಗಳಲ್ಲಿರುತ್ತದೆಯೇ ಹೊರತು ಹೊಗೆಕೊಳವೆಯ ಬುಡದಲ್ಲಲ್ಲ.

ಈ ದೊಡ್ಡ ಜಾಲದ ಕಥೆಯಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಸ್ಥಾನವಿದೆ. ವಿದ್ಯುತ್ತನ್ನು ಕಾಳಿನಂತೆ ಹಗೇವಿನಲ್ಲಿ ತುಂಬಿಡಲು ಸುಲಭವಾಗಿ ಬರುವುದಿಲ್ಲ. ಬಳಸಿದಷ್ಟನ್ನು ಅದೇ ಕ್ಷಣಕ್ಕೆ ಹುಟ್ಟಿಸಬೇಕು. ಒಂದೇ ಜಾಲಕ್ಕೆ ಸೇರಿದ ಯಂತ್ರಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಹೆಜ್ಜೆ ಕೂಡಿಸಿ ನಡೆಯಬೇಕು. ಸೆಕೆಂಡಿಗೆ 50 ಆವರ್ತನ ಎಂಬುದು ಆ ಹೆಜ್ಜೆ. ಭಾರ ಹೆಚ್ಚಾಗಿ ಎಳೆತ ಸಾಲದೆ ಹೋದರೆ ಹೆಜ್ಜೆ ನಿಧಾನವಾಗುತ್ತದೆ. ತೀರ ತಪ್ಪಿದರೆ ಒಂದರ ಹಿಂದೊಂದು ಎತ್ತು ಕುಸಿಯುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಆದುದು ಇದೇ. ಬೀನಾ–ಗ್ವಾಲಿಯರ್ ನಡುವಿನ ಒಂದು ತಂತಿಯ ಮೇಲೆ ಹೊರೆ ಮಿತಿಮೀರಿ ಅದು ಕಳಚಿಕೊಂಡಿತು. ಎರಡನೆಯ ದಿನ ದೇಶದ ಅರ್ಧದಷ್ಟು ಜನ ಕತ್ತಲಲ್ಲಿ ಕುಳಿತರು. ಆಗ ದಕ್ಷಿಣದ ರಾಜ್ಯಗಳದ್ದೇ ಬೇರೆ ನೊಗ. ಹೀಗಾಗಿ ಕರ್ನಾಟಕ ಆ ಪೆಟ್ಟಿನಿಂದ ಉಳಿಯಿತು; ಆದರೆ ಪಶ್ಚಿಮದಲ್ಲಿ ವಿದ್ಯುತ್ತು ಮಿಕ್ಕಾಗಲೂ ಅಲ್ಲಿಂದ ಬೇಕಾದಷ್ಟು ತರಿಸಿಕೊಳ್ಳಲು ಅದಕ್ಕೆ ದಾರಿಯಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಸಾವಿರ ವೋಲ್ಟಿನ ತಂತಿಯನ್ನು ಜೋಡಿಸಿದಾಗ ಎರಡು ನೊಗಗಳೂ ಒಂದಾದವು. ಇಡೀ ದೇಶಕ್ಕೆ ಒಂದೇ ಜಾಲವಾದದ್ದು ಹೀಗೆ, ನಮ್ಮ ಊರುಗಳ ಪಕ್ಕದಲ್ಲಿಯೇ.

ಎಂದಮೇಲೆ ಅಕ್ಕನ ಮನೆಯ ದೀಪಕ್ಕೂ ತಮ್ಮನ ಮನೆಯ ದೀಪಕ್ಕೂ ಬರುವ ವಿದ್ಯುತ್ತು ಒಂದೇ. ಬೇರೆಯಾದದ್ದು ರಾಜ್ಯದ ಧೋರಣೆ. ಸಂವಿಧಾನದಲ್ಲಿ ವಿದ್ಯುತ್ತು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ವಿಷಯ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ದರವನ್ನು ಗೊತ್ತುಮಾಡುವುದು ಮಂತ್ರಿಗಳಲ್ಲ, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಹಳೆಯ ವಿದ್ಯುತ್ ಮಂಡಳಿಯನ್ನು 2005ರ ಜೂನಿನಲ್ಲಿ ಒಡೆದು ಹುಟ್ಟಿಸಿದ ಕಂಪನಿಗಳಲ್ಲಿ ನಮ್ಮ ಮನೆಗೆ ಬಿಲ್ಲು ಕಳಿಸುವುದು ಮಹಾವಿತರಣ. ಸರಕಾರಕ್ಕೆ ಯಾರಿಗಾದರೂ ರಿಯಾಯಿತಿ ಕೊಡುವ ಮನಸ್ಸಿದ್ದರೆ ಕೊಡಬಹುದು. ಆದರೆ ಆ ಹಣವನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕು, ಕಟ್ಟದಿದ್ದರೆ ರಿಯಾಯಿತಿ ಜಾರಿಗೆ ಬರುವಂತಿಲ್ಲ ಎಂದು ಕಾಯಿದೆಯ 65ನೆಯ ಕಲಮು ಹೇಳುತ್ತದೆ. ಈ ಕಲಮನ್ನು ವಾಚಕರು ನೆನಪಿಡಬೇಕು. ಮುಂದೆ ಬರುವ ಮಾತೆಲ್ಲ ಇದರ ಮೇಲೆ ನಿಂತಿದೆ.

ಈಗ ಮನೆಯ ಬಿಲ್ಲನ್ನು ಬಿಚ್ಚಿ ನೋಡೋಣ. ಅದು ಮರಾಠಿಯಲ್ಲಿ ಬರುವುದರಿಂದ ನಮ್ಮ ಮನೆಯ ಹಿರಿಯರು ಕೆಳಗಿನ ಮೊತ್ತವೊಂದನ್ನೇ ನೋಡಿ ಮಡಿಚಿಡುತ್ತಾರೆ. ‘ಸ್ಥಿರ ಆಕಾರ’ವೆಂದರೆ ದೀಪ ಹಚ್ಚಲಿ ಬಿಡಲಿ ಕೊಡಬೇಕಾದ ತಿಂಗಳ ಹಣ. ‘ವೀಜ ಆಕಾರ’ ಬಳಸಿದ ಯೂನಿಟ್ಟುಗಳ ಬೆಲೆ. ‘ವಹನ ಆಕಾರ’ ತಂತಿಯ ಮೇಲೆ ಸಾಗಿಸಿದ ಕೂಲಿ. ‘ಇಂಧನ ಸಮಾಯೋಜನ ಆಕಾರ’ ಎಂಬುದು ಕಲ್ಲಿದ್ದಲಿನ ಬೆಲೆ, ಕೊಂಡ ವಿದ್ಯುತ್ತಿನ ಬೆಲೆ ಏರಿಳಿದಂತೆ ಏರಿಳಿಯುವ ಬಾಬು. ಎರಡು ತಿಂಗಳ ಬಳಕೆ ಒಂದೇ ಆದರೂ ಬಿಲ್ಲು ಬೇರೆ ಬರುವುದು ಹೆಚ್ಚಾಗಿ ಇದರಿಂದ. ‘ವೀಜ ಶುಲ್ಕ’ ಕಂಪನಿಯದಲ್ಲ, ಸರಕಾರದ ತೆರಿಗೆ: ಮನೆಗಳಿಗೆ ನೂರಕ್ಕೆ 16.

ಯೂನಿಟ್ಟಿನ ದರ ಮೆಟ್ಟಿಲುಮೆಟ್ಟಿಲಾಗಿದೆ. 2024–25ನೆಯ ಸಾಲಿನ ದರವನ್ನು ಉದಾಹರಣೆಗೆ ಹಿಡಿಯೋಣ. ಮೊದಲ ನೂರು ಯೂನಿಟ್ಟಿಗೆ ತಲಾ 4 ರೂಪಾಯಿ 71 ಪೈಸೆ. ನೂರೊಂದರಿಂದ ಮುನ್ನೂರರವರೆಗೆ 10 ರೂಪಾಯಿ 29 ಪೈಸೆ. ಎರಡಕ್ಕೂ ವಹನ ಆಕಾರ 1 ರೂಪಾಯಿ 17 ಪೈಸೆ. ಸ್ಥಿರ ಆಕಾರ 128 ರೂಪಾಯಿ. ಇಂಧನದ ಬಾಬನ್ನು ಬಿಟ್ಟು, ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ನೂರು ಯೂನಿಟ್ಟು ಬಳಸಿದ ಮನೆಗೆ ಸುಮಾರು 831 ರೂಪಾಯಿ ಬಿತ್ತು. ನೂರಾ ಮೂವತ್ತು ಬಳಸಿದ ಮನೆಗೆ 1,229 ರೂಪಾಯಿ. ಹೆಚ್ಚಿನ ಮೂವತ್ತು ಯೂನಿಟ್ಟಿಗೆ ಸುಮಾರು 399 ರೂಪಾಯಿ, ಅಂದರೆ ಯೂನಿಟ್ಟಿಗೆ ಹದಿಮೂರು ರೂಪಾಯಿಗೂ ಮೇಲೆ! ಆ ಬಳಿಕ ದರಗಳು ಬದಲಾಗಿರಬಹುದು, ಮೆಟ್ಟಿಲಿನ ಮರ್ಮವನ್ನು ತಿಳಿಯಲು ಇಷ್ಟು ಸಾಕು. ದಿನಕ್ಕೆ ಒಂದು ತಾಸು ನೀರು ಕಾಯಿಸುವ ಸಾವಿರ ವಾಟಿನ ಕಾಯಿಲು ತಿಂಗಳಿಗೆ ಮೂವತ್ತು ಯೂನಿಟ್ಟು ತಿನ್ನುತ್ತದೆ. ಒಲೆಯ ಮೇಲೆ ಹಂಡೆ ಇಟ್ಟಿದ್ದರೆ ಆ ನಾನ್ನೂರು ಉಳಿಯುತ್ತಿತ್ತು. ಬಿಲ್ಲು ನೂರರ ಅಂಚಿನಲ್ಲಿರುವ ಮನೆಯವರು ಮಾಡಬೇಕಾದ ಲೆಕ್ಕ ಇದೊಂದೇ.

ಮೊದಲ ನೂರು ಯೂನಿಟ್ಟು ಅಗ್ಗವಾಗಿರುವುದು ಹೇಗೆ? ಅದರ ನಷ್ಟವನ್ನು ಹೆಚ್ಚು ಬಳಸುವ ಮನೆಗಳು, ಅಂಗಡಿಗಳು, ಕಾರ್ಖಾನೆಗಳು ಹೆಚ್ಚಿನ ದರ ಕೊಟ್ಟು ತುಂಬುತ್ತವೆ. ಹೊಲದ ಪಂಪಿನ ದರದಲ್ಲಿಯೂ ಒಂದು ಭಾಗ ಹಾಗೆಯೇ ತುಂಬುತ್ತದೆ. ಈ ಏರ್ಪಾಡಿಗೆ ಒಂದು ಮಿತಿಯಿದೆ. ದರ ತೀರ ಏರಿದರೆ ಕಾರ್ಖಾನೆಯವನು ಚಾವಣಿಯ ಮೇಲೆ ಸೌರ ಫಲಕ ಹಾಕಿಕೊಳ್ಳುತ್ತಾನೆ, ಇಲ್ಲವೆ ಬೇರೆಯವರಿಂದ ನೇರವಾಗಿ ಕೊಳ್ಳುತ್ತಾನೆ. ಆಗ ಅವನು ಹೊರುತ್ತಿದ್ದ ಹೊರೆ ಉಳಿದವರ ಹೆಗಲಿಗೆ ಬರುತ್ತದೆ. ಮನೆಯ ಬಿಲ್ಲು ಏರುತ್ತ ಬಂದುದಕ್ಕೆ ಇದೂ ಒಂದು ಕಾರಣ.

ಭೀಮೆಯ ಆಚೆಗಿನ ಏರ್ಪಾಡು ಬೇರೆ. ಕರ್ನಾಟಕ ಸರಕಾರ 2023ರ ‘ಗೃಹಜ್ಯೋತಿ’ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಒಳಗಿರುವ ಮನೆಗಳ ಬಿಲ್ಲನ್ನು ಬೊಕ್ಕಸದಿಂದಲೇ ಕಟ್ಟುತ್ತದೆ. ಅದೂ 200 ಯೂನಿಟ್ಟು ಎಲ್ಲರಿಗೂ ಅಲ್ಲ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಕೂಡಿಸಿದಷ್ಟು ಮಾತ್ರ ಪುಕ್ಕಟೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಅಕ್ಕನ ಸೊನ್ನೆಯ ಬಿಲ್ಲು ನಿಜ. ಆದರೆ ಅದು ಬೇರೆ ದಾರಿಯಿಂದ, ತೆರಿಗೆಯ ರೂಪದಲ್ಲಿ, ಅವರ ಮನೆಗೂ ಬಂದೇ ಬರುತ್ತದೆ. ಸೊನ್ನೆ ಬಿಲ್ಲು ಬಂದ ಮಾತ್ರಕ್ಕೆ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುವುದೆಂದೂ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಜಲಾಶಯಗಳು ತುಂಬದೆ, ಅಕ್ಟೋಬರಿನಲ್ಲಿ ಕರ್ನಾಟಕದ ಹೊಲದ ಪಂಪುಗಳಿಗೆ ಏಳು ತಾಸಿನ ಬದಲು ಐದು ತಾಸು ಮೂರು ಫೇಸು ಕೊಡಬೇಕಾಯಿತು. ಒಣಗಿದ ಬೆಳೆಯ ಮುಂದೆ ನಿಂತ ರೈತನಿಗೆ ಬಿಲ್ಲಿನಲ್ಲಿ ಸೊನ್ನೆ ಇದ್ದರೆಷ್ಟು, ನೂರು ಇದ್ದರೆಷ್ಟು?

ಇನ್ನು ನಮ್ಮ ಪಂಪಿನ ಸೊನ್ನೆ. ಇದು ಮೊದಲ ಸಲದ್ದಲ್ಲ. ನಮ್ಮ ಸೊಲ್ಲಾಪುರದವರೇ ಆದ ಸುಶೀಲಕುಮಾರ ಶಿಂದೆಯವರು ಮುಖ್ಯಮಂತ್ರಿಗಳಾಗಿದ್ದಾಗ, 2004ರ ಚುನಾವಣೆಯ ಮುಂಚೆ, ಹೊಲದ ಪಂಪಿಗೆ ಪುಕ್ಕಟೆ ವಿದ್ಯುತ್ತು ಬಂದಿತು. 2005ರಲ್ಲಿ ಹೊಸ ಮುಖ್ಯಮಂತ್ರಿಗಳ ಕಾಲದಲ್ಲಿ ಬೊಕ್ಕಸಕ್ಕೆ ತಾಳದೆಂದು ಹೋಯಿತು. 2024ರ ‘ಬಳಿರಾಜಾ ಮೋಫತ ವೀಜ’ ಯೋಜನೆ ಏಳೂವರೆ ಅಶ್ವಶಕ್ತಿಯವರೆಗಿನ ಪಂಪುಗಳಿಗೆ, 2024ರ ಏಪ್ರಿಲಿನಿಂದ ಐದು ವರ್ಷಕ್ಕೆಂದು ಗೊತ್ತಾದುದು. ಸುಮಾರು 44 ಲಕ್ಷ ಪಂಪುಗಳು. ವರ್ಷಕ್ಕೆ 14,760 ಕೋಟಿ ರೂಪಾಯಿ ಎಂದು ಆಗ ಲೆಕ್ಕ ಹಾಕಿದ್ದರು. ಭಾಗಿಸಿ ನೋಡಿದರೆ ಪಂಪಿಗೆ ವರ್ಷಕ್ಕೆ 33 ಸಾವಿರಕ್ಕೂ ಮೇಲೆ ಬಿತ್ತು.

ಈ 33 ಸಾವಿರ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಜತ್ತದ ಪೂರ್ವಭಾಗದಲ್ಲಿ ಫೆಬ್ರುವರಿಗೇ ಬಾವಿ ಬತ್ತಿದವನ ಮೂರು ಅಶ್ವಶಕ್ತಿಯ ಪಂಪು ವರ್ಷದಲ್ಲಿ ಎಷ್ಟು ದಿನ ನಡೆದೀತು? ಭೀಮೆಯ ದಂಡೆಯಲ್ಲಿ ಕಬ್ಬು ಹಾಕಿದವನ ಪಂಪು ವರ್ಷವಿಡೀ ನಡೆಯುತ್ತದೆ. ನೀರಿದ್ದವನಿಗೆ ರಿಯಾಯಿತಿ, ನೀರಿಲ್ಲದವನಿಗೆ ಸೊನ್ನೆಯ ಬಿಲ್ಲು. ಪುಕ್ಕಟೆಯ ದೊಡ್ಡ ಅನ್ಯಾಯ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಜತ್ತದ ಕಡೆಗೆ ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆಯಲ್ಲಾದರೂ ವಿದ್ಯುತ್ತಿನ ಖರ್ಚನ್ನು ನೂರಕ್ಕೆ 81 ಸರಕಾರ, 19 ರೈತ ಎಂದು ಹಂಚಿದ್ದಾರೆ; ಯಾರು ಎಷ್ಟು ಹೊರುತ್ತಾರೆಂಬುದು ಬಯಲಲ್ಲಿ ಇದೆ.

ಸರಕಾರದ ಹಣ ಹೊತ್ತಿಗೆ ಬರದಿದ್ದರೆ ಕಂಪನಿ ಏನು ಮಾಡುತ್ತದೆ? ಕಲ್ಲಿದ್ದಲಿಗೆ, ಕೊಂಡ ವಿದ್ಯುತ್ತಿಗೆ ಹಣ ಕೊಡದೆ ನಡೆಯುವುದಿಲ್ಲ. ಕೊಡದೆ ನಡೆಯುವುದು ಒಂದೇ, ಹಳ್ಳಿಯ ಕೊನೆಯ ಮೈಲಿನ ದುರಸ್ತಿ. ಜೋತುಬಿದ್ದ ತಂತಿ ಜೋತೇ ಉಳಿಯುತ್ತದೆ. ಹೊಸ ಡಿ.ಪಿ.ಯ ಅರ್ಜಿ ಕಡತದಲ್ಲಿ ಮಲಗುತ್ತದೆ. ಲೈನಮನ್ನನ ಜಾಗ ತುಂಬುವುದಿಲ್ಲ. ಬಿಲ್ಲು ಕಟ್ಟದ ಗಿರಾಕಿಯ ಮಾತಿಗೆ ಅಂಗಡಿಯವನು ಕಿವಿಗೊಡುವುದು ಕಡಿಮೆಯೇ ಅಲ್ಲವೇ?

ಕೊರತೆಯ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದಾಭೋಳದ ಎನ್ರಾನ್ ಕೇಂದ್ರದಿಂದ ದುಬಾರಿ ಬೆಲೆಗೆ ಕೊಳ್ಳಲು ಒಪ್ಪಿ, ತಾಳಲಾರದೆ 2001ರಲ್ಲಿ ಬಿಟ್ಟ ಮೇಲೆ, ರಾಜ್ಯ ಕೆಲ ವರ್ಷ ಹೊಸ ಕೇಂದ್ರಗಳ ಗೊಡವೆಗೆ ಹೋಗಲಿಲ್ಲ. 2005ರ ಸುಮಾರಿಗೆ ಭಾರನಿಯಮನದ ಕಾಟ ಆರಂಭವಾಗಿ ಏಳೆಂಟು ವರ್ಷ ನಡೆಯಿತು. ಆ ದಿನಗಳನ್ನು ಯಾರೂ ಮರೆತಿರಲಾರರು. ಯಾರಿಗೆ ಎಷ್ಟು ತಾಸು ಕಡಿಯಬೇಕೆಂಬುದಕ್ಕೆ ಆಗ ಒಂದು ಸೂತ್ರ ಮಾಡಿದರು: ಫೀಡರಿನಲ್ಲಿ ಸೋರಿಕೆ, ಕಳವು ಎಷ್ಟು, ವಸೂಲಿ ಎಷ್ಟು ಎಂದು ನೋಡಿ ‘ಎ’ಯಿಂದ ‘ಜಿ’ಯವರೆಗೆ ಗುಂಪು ಕಟ್ಟುವುದು, ಕೆಳಗಿನ ಗುಂಪಿಗೆ ಹೆಚ್ಚು ಕತ್ತಲೆ. 2022ರ ಏಪ್ರಿಲಿನಲ್ಲಿ ಕಲ್ಲಿದ್ದಲು ಸಾಲದೆ ಮತ್ತೆ ಭಾರನಿಯಮನ ಬಂದಾಗಲೂ ಮೊದಲು ಪೆಟ್ಟು ಬಿದ್ದದ್ದು ‘ಜಿ’ ಗುಂಪಿಗೆ. ಇದರಲ್ಲಿ ನ್ಯಾಯವೂ ಇದೆ, ಅನ್ಯಾಯವೂ ಇದೆ. ಒಂದೇ ಫೀಡರಿನಲ್ಲಿ ತಪ್ಪದೆ ಬಿಲ್ಲು ಕಟ್ಟುವ ಮನೆಯೂ ಆಕಡೆ ಹಾಕಿ ಎಳೆಯುವ ಮನೆಯೂ ಇದ್ದರೆ, ಇಬ್ಬರಿಗೂ ಒಂದೇ ಕತ್ತಲೆ.

ಇನ್ನೊಂದು ಮಾತು. ಹೊಲದ ಪಂಪುಗಳಿಗೆ ಎಲ್ಲ ಕಡೆ ಮೀಟರು ಇಲ್ಲ, ಇದ್ದಲ್ಲಿ ಓದುವವರಿಲ್ಲ. ಹಾಗಾಗಿ ಎಲ್ಲೋ ಸೋರಿದ, ಯಾರೋ ಕದ್ದ ಯೂನಿಟ್ಟುಗಳನ್ನು ‘ರೈತ ಬಳಸಿದ’ ಎಂದು ಬರೆದುಬಿಡಲು ಅವಕಾಶವಿದೆ. ಆಯೋಗ ಅಧ್ಯಯನ ಮಂಡಳಿಯೊಂದನ್ನು ನೇಮಿಸಿ ನೋಡಿಸಿದಾಗ ರೈತರ ಬಳಕೆ ಕಂಪನಿ ಹೇಳುತ್ತಿದ್ದುದಕ್ಕಿಂತ ಕಡಿಮೆಯೆಂದೇ ಕಂಡಿತು. ಬಿಲ್ಲು ಸೊನ್ನೆಯೆಂದು ಮೀಟರನ್ನು ಮರೆತರೆ ಊರಿನ ಪಾಪವೆಲ್ಲ ನಮ್ಮ ತಲೆಗೆ ಬರುತ್ತದೆ. ಪಂಪಿಗೆ ಮೀಟರು ಇದ್ದವರು ತಿಂಗಳಿಗೊಮ್ಮೆ ಅಂಕಿಯನ್ನು ತಾವೇ ಬರೆದಿಡುವುದು ಲೇಸು.

ಡಿ.ಪಿ. ಸುಡುವುದರಲ್ಲಿ ಮಾತ್ರ ನಮ್ಮ ಪಾಲೂ ಇದೆ, ಹೇಳದೆ ವಿಧಿಯಿಲ್ಲ. ಐದು ಅಶ್ವಶಕ್ತಿಯ ಪಂಪು ನಡೆಯುವಾಗ ಡಿ.ಪಿ.ಯಿಂದ ಸುಮಾರು ಐದೂವರೆ ಕೆ.ವಿ.ಎ. ಎಳೆಯುತ್ತದೆ. ನೂರು ಕೆ.ವಿ.ಎ. ಡಿ.ಪಿ. ಇಂಥ ಹದಿನೇಳು-ಹದಿನೆಂಟು ಪಂಪುಗಳನ್ನು ತಾಳೀತು. ಕಾಗದದಲ್ಲಿ ಐದು ಎಂದು ಬರೆಸಿ ಏಳೂವರೆಯನ್ನು ಕೂರಿಸಿದರೆ ಹನ್ನೆರಡಕ್ಕೇ ಅದು ತುಂಬಿತು. ಪುಕ್ಕಟೆಯ ಮಿತಿ ಏಳೂವರೆಯೆಂದು ಹತ್ತರ ಪಂಪನ್ನು ಏಳೂವರೆ ಎಂದು ಬರೆಸುವವರೂ ಇದ್ದಾರೆ. ಇದಕ್ಕೆ ಮೇಲೆ ಆಟೋ ಸ್ವಿಚ್ಚು. ವಿದ್ಯುತ್ತು ಬಂದ ಗಳಿಗೆಗೇ ಎಲ್ಲರ ಪಂಪೂ ಒಮ್ಮೆಲೆ ಏಳುತ್ತದೆ. ಏಳುವಾಗ ಪ್ರತಿಯೊಂದೂ ನಡೆಯುವಾಗಿನ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜು ಕುಸಿಯುತ್ತದೆ, ಮೋಟಾರು ಇನ್ನಷ್ಟು ಎಳೆದು ಕಾಯುತ್ತದೆ, ಕೊನೆಗೆ ಒಂದೋ ಮೋಟಾರಿನ ಸುರುಳಿ ಸುಡುತ್ತದೆ, ಇಲ್ಲವೆ ಡಿ.ಪಿ. ಐದರ ಪಂಪಿಗೆ ಎರಡು ಕೆ.ವಿ.ಎ.ಆರ್. ಕೆಪಾಸಿಟರು ಹಾಕಿದರೆ ಈ ಎಳೆತ ಎಷ್ಟೋ ತಗ್ಗುತ್ತದೆ. ಮೋಟಾರು ಒಮ್ಮೆ ಸುಟ್ಟರೆ ಸುತ್ತಿಸಲು ಆಗುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ಒಂದೇ ಡಿ.ಪಿ.ಯವರು ಕುಳಿತು, ಆಟೋ ಸ್ವಿಚ್ಚು ತೆಗೆದು, ಪಾಳಿ ಹಚ್ಚಿಕೊಂಡ ಕಡೆ ಡಿ.ಪಿ. ವರ್ಷಗಟ್ಟಲೆ ಬಾಳುತ್ತದೆ.

ರಾತ್ರಿಯ ಪಾಳಿಯಿಂದ ಬಿಡುಗಡೆ ಸೌರಶಕ್ತಿಯಿಂದ ಆಗಬಹುದೆಂದು ತೋರುತ್ತದೆ. ‘ಸೌರ ಕೃಷಿ ವಾಹಿನಿ’ ಯೋಜನೆ 2017ರಲ್ಲಿ ಆರಂಭವಾಗಿ, 2023ರಲ್ಲಿ ದೊಡ್ಡ ಪ್ರಮಾಣಕ್ಕೆ ಬಂತು. ಉಪಕೇಂದ್ರದ ಸಮೀಪದ ಜಮೀನಿನಲ್ಲಿ ಫಲಕ ಹಾಕಿ, ಅಲ್ಲಿಯ ವಿದ್ಯುತ್ತನ್ನು ಹೊಲದ ಫೀಡರಿಗೇ ಹಗಲಲ್ಲಿ ಕೊಡುವುದು ಅದರ ಉದ್ದೇಶ. ಹೀಗೆ ಹುಟ್ಟಿದ ವಿದ್ಯುತ್ತು ಯೂನಿಟ್ಟಿಗೆ ಸುಮಾರು ಮೂರು ರೂಪಾಯಿಗೆ ಬೀಳುವುದರಿಂದ, ಹೊಲಕ್ಕೆ ಕೊಟ್ಟ ರಿಯಾಯಿತಿಯ ಭಾರವೂ ಇಳಿಯುತ್ತದೆ. ಬರಡು ಜಮೀನನ್ನು ಗುತ್ತಿಗೆ ಕೊಟ್ಟವರಿಗೆ ಹೆಕ್ಟೇರಿಗೆ ವರ್ಷಕ್ಕೆ ಒಂದೂಕಾಲು ಲಕ್ಷ ರೂಪಾಯಿ ಬಾಡಿಗೆ ಗೊತ್ತಾಗಿದೆ, ವರ್ಷವರ್ಷ ನೂರಕ್ಕೆ ಮೂರು ಏರಿಕೆ. ನಮ್ಮ ಕಡೆ ಕಲ್ಲು ಮೊರಡಿಗೆ ಬರವಿಲ್ಲ. ಗ್ರಾಮ ಪಂಚಾಯತಿಯವರು ಇದನ್ನು ವಿಚಾರಿಸಬೇಕು. ಸ್ವಂತ ಸೌರ ಪಂಪು ಬೇಕೆನ್ನುವವರು ಬೆಲೆಯ ಹತ್ತನೆಯ ಒಂದು ಪಾಲು, ಪರಿಶಿಷ್ಟ ಜಾತಿ ಪಂಗಡದವರು ಇಪ್ಪತ್ತನೆಯ ಒಂದು ಪಾಲು ಕಟ್ಟಬೇಕು. ಎರಡೂವರೆ ಎಕರೆಯವರೆಗೆ ಮೂರು, ಐದು ಎಕರೆಯವರೆಗೆ ಐದು, ಅದರ ಮೇಲೆ ಏಳೂವರೆ ಅಶ್ವಶಕ್ತಿ. ಆಳದ ಬೋರಿನವರು ಮೊದಲು ನೀರಿನ ಮಟ್ಟ ಅಳೆಸಿ ಆಮೇಲೆ ಹಣ ಕಟ್ಟಲಿ.

ಇನ್ನು ದೂರಿನ ವಿಚಾರ. ಹಳ್ಳಿಯ ಡಿ.ಪಿ. ಕೆಟ್ಟರೆ 48 ತಾಸಿನೊಳಗೆ ಸರಿಮಾಡಬೇಕೆಂದು ಆಯೋಗದ ನಿಯಮವಿದೆ. ತಪ್ಪಿದರೆ ಗ್ರಾಹಕರಿಗೆ ಪರಿಹಾರ ಸಲ್ಲಬೇಕು. ಇದಕ್ಕೆ ತಾಸಿನ ಲೆಕ್ಕ ಎಂದಿನಿಂದ ಎಂದು ಸಾಬೀತಾಗಬೇಕಾದುದರಿಂದ, ಲೈನಮನ್ನನಿಗೆ ಬಾಯಿಮಾತಿನಲ್ಲಿ ಹೇಳಿ ಬರುವುದು ಸಾಲದು. 1912 ಸಂಖ್ಯೆಗೆ ಫೋನು ಮಾಡಿ ದೂರಿನ ನಂಬರು ಬರೆದುಕೊಳ್ಳಬೇಕು. ದರ ಏರಿಸುವ ಅರ್ಜಿ ಆಯೋಗದ ಮುಂದೆ ಬಂದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಯಾವ ಗ್ರಾಹಕನಾದರೂ ಲಿಖಿತ ಆಕ್ಷೇಪಣೆ ಕಳಿಸಬಹುದು. ಕಾರ್ಖಾನೆಯವರ ವಕೀಲರು ಪ್ರತಿಸಲ ಹೋಗುತ್ತಾರೆ. ನಮ್ಮ ಗಡಿ ಹಳ್ಳಿಗಳಿಂದ ಹೋದ ಕಾಗದ ವಿರಳ. ಕಾಗದ ಬರೆದ ವಾಚಕರಿಗೆ ನಮ್ಮದೊಂದು ವಿನಂತಿ: ಈ ಪುಟಕ್ಕೆ ಬರೆದ ಅದೇ ಸಂಗತಿಗಳನ್ನು, ಡಿ.ಪಿ. ಸುಟ್ಟ ತಾರೀಖು, ಸರಿಯಾದ ತಾರೀಖು, ವಾರದಲ್ಲಿ ಎಷ್ಟು ದಿನ ರಾತ್ರಿಯ ಪಾಳಿ ಎಂಬುದನ್ನು ಸೇರಿಸಿ, ಮಗನ ಕೈಲಿ ಮರಾಠಿಯಲ್ಲಿ ಬರೆಸಿ, ಮುಂದಿನ ಸಲದ ಪ್ರಕಟಣೆ ಬಂದಾಗ ಆಯೋಗಕ್ಕೂ ಒಂದು ಪ್ರತಿ ಕಳಿಸಬೇಕು.